ಹಲ್ಲಿ ಕಾಯುತ್ತಿದ್ದ ನಮ್ಮ ಮಾವ

ಗೋಡೆಯ ಮೇಲೆ ಹಲ್ಲಿ ಕಂಡರೆ ನೀವು ಪೊರಕೆ ಹುಡುಕುತ್ತೀರಿ. ನಮ್ಮ ಸೋದರಮಾವ ಹುಡುಕುತ್ತಿದ್ದದ್ದು ಕನ್ನಡಕ! ಚಿತ್ರದುರ್ಗದ ಅವರ ಮನೆಯಲ್ಲಿ ಹಲ್ಲಿಗಳೇ ಯಜಮಾನರು, ಮನುಷ್ಯರು ಬಾಡಿಗೆಗಿದ್ದವರು ಎಂದರೆ ನೀವು ನಂಬಲಾರಿರಿ. ಎಪ್ಪತ್ತರ ದಶಕದಲ್ಲಿ ಅಲ್ಲೇ ಮುದ್ದೆ ಉಂಡುಕೊಂಡು ಬಿ.ಎಸ್ಸಿ. ಓದಿದವಳು ನಾನು, ನಂಬದೆ ನನಗೆ ಬೇರೆ ದಾರಿ ಇರಲಿಲ್ಲ.

ಮಾವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಅವರ ತಲೆಯಲ್ಲಿ ಒಂದೇ ಪ್ರಶ್ನೆ: ಹಲ್ಲಿಯ ಬಾಲ ಉದುರಿದರೆ ಮತ್ತೆ ಬೆಳೆಯುತ್ತದೆ, ನಮ್ಮ ಬೆರಳು ತುಂಡಾದರೆ ಯಾಕೆ ಬೆಳೆಯುವುದಿಲ್ಲ? ಇದಕ್ಕಾಗಿ ಮನೆಯ ಹಲ್ಲಿಗಳನ್ನೆಲ್ಲ ಹಿಡಿದು, ಬಾಲ ಅಳೆದು, ಮತ್ತೆ ಗೋಡೆಗೇ ಬಿಡುತ್ತಿದ್ದರು. ಅವು ಬೆದರುತ್ತವೆಂದು ಗೋಡೆಗೆ ಸುಣ್ಣ ಬಳಿಯುವಂತಿಲ್ಲ. ಯುಗಾದಿಗೂ! ಯಲ್ಲದಕೆರೆಯಿಂದ ಬಂದ ನಮ್ಮಜ್ಜ ಇದನ್ನೆಲ್ಲ ನೋಡಿ, ಕಂಬಳಿ ಕೊಡವಿ ಹೆಗಲಿಗೇರಿಸಿಕೊಂಡು, "ನಮ್ಮ ವಂಶದೋರೆಲ್ಲ ಕುರಿ ಕಾದ್ರು. ಇವನನ್ನ ಓದ್ಸಿದ್ದಕ್ಕೆ ಹಲ್ಲಿ ಕಾಯ್ತಾವ್ನೆ. ಉಣ್ಣೆನಾದ್ರೂ ಬರ್ತೈತೇನಪ್ಪ?" ಎಂದರು.

ಉಣ್ಣೆ ಎಲ್ಲಿಂದ ಬರಬೇಕು? ಕಾಲೇಜಿನ ಹಳೆಯ ಸೂಕ್ಷ್ಮದರ್ಶಕದಲ್ಲಿ ಹಲ್ಲಿಯ ಜೀವಕೋಶಕ್ಕಿಂತ ಗಾಜಿಗೆ ಹಿಡಿದ ಬೂಷ್ಟೇ ಹೆಚ್ಚು ಕಾಣುತ್ತಿತ್ತು. ಹೊಸದೊಂದು ಬೇಕೆಂದು ಮಾವ ಬೊಂಬಾಯಿ, ಮದರಾಸಿನ ಶ್ರೀಮಂತ ಮನೆತನಗಳು ನಡೆಸುವ ದತ್ತಿ ಸಂಸ್ಥೆಗಳಿಗೆ ಅರ್ಜಿ ಹಾಕತೊಡಗಿದರು. ಟೈಪಿಂಗ್ ಕಲಿತಿದ್ದ ತಪ್ಪಿಗೆ ಅವನ್ನೆಲ್ಲ ಕುಟ್ಟುವವಳು ನಾನು. ಪ್ರತಿ ಅರ್ಜಿಯಲ್ಲೂ ಒಂದು ಕಂಟಕ ಕಾದಿರುತ್ತಿತ್ತು: ಈ ಸಂಶೋಧನೆಯಿಂದ ಜನರಿಗೆ ಏನು ಪ್ರಯೋಜನ?

"ಗೊತ್ತಿಲ್ಲ ಅಂತ ಹೊಡಿ ಲೇ," ಎನ್ನುತ್ತಿದ್ದರು ಮಾವ. "ಗೊತ್ತಿದ್ರೆ ಇವ್ರನ್ನ ಯಾಕೆ ದುಡ್ಡು ಕೇಳ್ತಿದ್ದೆ?"

ಅಡುಗೆಮನೆಯಿಂದ ಅತ್ತೆಯ ಸಲಹೆ: "ಸಕ್ಕರೆ ಕಾಯಿಲೆ ವಾಸಿ ಆಗ್ತೈತೆ ಅಂತ ಬರೀರಿ. ನಿಮ್ಮ ಗಂಟೇನು ಹೋಗ್ತೈತೆ?"

"ಸುಳ್ಳು ಹೇಳಾದಾ?"

"ಹುಡುಗ ಭಾಳ ಬುದ್ಧಿವಂತ ಅಂತ ಹೇಳಿ ನನ್ನ ಕಟ್ಕಂಡ್ರಲ್ಲ, ಅದಕ್ಕಿಂತ ದೊಡ್ಡ ಸುಳ್ಳಾ?"

ಬಂದ ಉತ್ತರಗಳಲ್ಲೆಲ್ಲ ವಿಷಾದವೇ ವಿಷಾದ. ಒಂದು ಸಂಸ್ಥೆಯವರಂತೂ ಅರ್ಜಿಯನ್ನು ಅರೆಬರೆ ಓದಿ, ಪಾಪ, ಹಲ್ಲಿ ಓಡಿಸುವ ಪುಡಿ ಎಲ್ಲಿ ಸಿಗುತ್ತದೆಂದು ತಿಳಿಸಿದ್ದರು! ಮಾವ ಅವರಿಗೂ ಧನ್ಯವಾದ ಬರೆಸಿದರು. "ನಮ್ಮ ಕಷ್ಟಕ್ಕೆ ಮರುಗ್ಯವ್ರಲ್ಲೇ, ಒಳ್ಳೇ ಜನ!"

ಈ ನಡುವೆ ನನ್ನ ಪರೀಕ್ಷೆ ಮುಗಿಯಿತು. ನನಗೂ ಹಲ್ಲಿಯ ಹುಚ್ಚು ಹತ್ತಿಬಿಟ್ಟಿತ್ತು. ಮಾವನ ಜೊತೆಯಲ್ಲೇ ಕೆಲಸ ಮಾಡುವ ಆಸೆ. ಅಪ್ಪ ಮಾತ್ರ ಹೊಸದುರ್ಗದ ಕಡೆ ಗಂಡು ನೋಡಿಟ್ಟು, "ಸಂಬಳ ಬರೋ ಕೆಲ್ಸ ಇದ್ರೆ ಇರ್ಲಿ, ಇಲ್ದಿದ್ರೆ ಊರಿಗೆ ಬರ್ಲಿ" ಎಂದು ಹೇಳಿಕಳಿಸಿದರು. ನಾನು ಟ್ರಂಕು ಜೋಡಿಸುತ್ತಿದ್ದಾಗಲೇ ಬೊಂಬಾಯಿಯ ಸಂಸ್ಥೆಯೊಂದರಿಂದ ಕೋಟು ತೊಟ್ಟ ಹಿರಿಯರೊಬ್ಬರು ಮಾವನ ಕೆಲಸ ನೋಡಲು ಬಂದರು.

ಅವರನ್ನು ಊಟಕ್ಕೆ ಕೂರಿಸಿದೆವು. ಮುದ್ದೆಯನ್ನು ಹೇಗೆ ಮುರಿಯುವುದೆಂದು ಅವರು ಯೋಚಿಸುತ್ತಿರುವಾಗ ಸೂರಿನಿಂದ ಒಂದು ಹಲ್ಲಿ ನೇರ ಅವರ ಭುಜಕ್ಕೆ ಬಿತ್ತು. ಬಾಲವನ್ನು ತಟ್ಟೆಯ ಪಕ್ಕ ಉದುರಿಸಿ ಓಡಿತು. ಇದೇನು ಫಲವೆಂದು ನೋಡಲು ಅತ್ತೆ ಪಂಚಾಂಗದ ಕಡೆಗೆ ಓಡಿದರು. ಮಾವ? ಅತಿಥಿಯನ್ನು ಬಿಟ್ಟು ಹಲ್ಲಿಯ ಹಿಂದೆ ಓಡಿದರು! ಉಳಿದವರು ಅತಿಥಿ, ನಾನು, ನಡುವೆ ಕುಣಿಯುವ ಬಾಲ.

ಕೆಟ್ಟೆವು ಎಂದುಕೊಂಡೆ. ಆದರೆ ಅವರು ಬಗ್ಗಿ, ಬಾಲದ ಕುಣಿತ ನಿಲ್ಲುವವರೆಗೂ ಎವೆಯಿಕ್ಕದೆ ನೋಡಿದರು. ಏದುಸಿರು ಬಿಡುತ್ತಾ ಬಂದ ಮಾವನನ್ನು ಕೇಳಿದರು: "ಇದು ಮತ್ತೆ ಹೇಗೆ ಬೆಳೆಯುತ್ತದೆ?"

"ಗೊತ್ತಿಲ್ಲ ಸಾರ್."

"ನನಗೂ ತಿಳಿಯಬೇಕು ಅನ್ನಿಸುತ್ತಿದೆಯಲ್ಲ!" ಎಂದು ಅವರು ನಕ್ಕರು. ಆಮೇಲೆ ಗಂಭೀರವಾಗಿ, ತಮ್ಮಲ್ಲಿ ಉಳಿದಿರುವುದು ಸ್ವಲ್ಪವೇ ಹಣ; ಸೂಕ್ಷ್ಮದರ್ಶಕ ಅಥವಾ ಒಬ್ಬ ಸಹಾಯಕರ ಸಂಬಳ, ಎರಡರಲ್ಲಿ ಒಂದನ್ನು ಮಾತ್ರ ಕೊಡಬಲ್ಲೆವು ಎಂದರು.

ನಾನು ತಲೆ ತಗ್ಗಿಸಿದೆ. ಸೂಕ್ಷ್ಮದರ್ಶಕದ ಚಿತ್ರವನ್ನು ಕತ್ತರಿಸಿ ದೇವರ ಪಟದ ಪಕ್ಕ ಅಂಟಿಸಿಕೊಂಡಿದ್ದ ಮನುಷ್ಯ ನಮ್ಮ ಮಾವ!

ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಮಾವ ಇದ್ದಕ್ಕಿದ್ದಂತೆ ಕನ್ನಡಕ್ಕೆ ಇಳಿದರು. "ಯಂತ್ರ ಮುಂದಿನ ವರ್ಷನೂ ಸಿಗ್ತೈತೆ ಸಾರ್. ಈ ಹುಡುಗಿ ಊರಿಗೆ ಹೋದ್ರೆ ಮತ್ತೆ ಸಿಗಲ್ಲ."

ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನೇ. ಯಂತ್ರದ ಮಾತನ್ನು ಹೇಳಿದೆ, ಹುಡುಗಿಯ ಮಾತಿಗೆ ಬಂದಾಗ ನೀರಿನ ಚೊಂಬು ಎತ್ತಿಕೊಂಡೆ. ಅರ್ಥವಾಯಿತು ಬಿಡಮ್ಮ ಎಂಬಂತೆ ಆ ಹಿರಿಯರು ಕೈಯೆತ್ತಿದರು.

ಬಾಲದ ಗುಟ್ಟು ನಮಗೆ ಪೂರ್ತಿ ದಕ್ಕಲೇ ಇಲ್ಲ. ಹೊಸ ಸೂಕ್ಷ್ಮದರ್ಶಕ ಬರುವ ಹೊತ್ತಿಗೆ ಮಾವನ ಕಣ್ಣೇ ಮಂಜಾಗಿತ್ತು. ಅದರಲ್ಲಿ ನಾನು ನೋಡಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಇಂದಿಗೂ ನಾನು ನೆನೆಯುವುದು ಕೆಲಸಕ್ಕೆ ಸೇರಿದ ಮೊದಲ ಬೆಳಗನ್ನು. ಪ್ರಯೋಗಶಾಲೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಮಾವನದು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಅವರು ಎದ್ದರು. ಪಂಚೆಯ ತುದಿಯಿಂದ ಕುರ್ಚಿಯ ಧೂಳು ಒರೆಸಿ, ನನ್ನ ಕಡೆಗೆ ಸರಿಸಿದರು.

"ಬರ್ರಿ ಮೇಡಂ, ಕುಂತ್ಕಳ್ರಿ."