ಹೇಳಿ ಅಂದರೆ ಏಳಿ

ಜಂಬ ಇಲ್ಲದ ಮನುಷ್ಯರಿಲ್ಲ. ನನ್ನ ಗಂಡನಿಗೆ ತನ್ನ ಹಳೇ ಸ್ಕೂಟರು ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತದೆ ಎಂಬ ಜಂಬ. ನನಗಿರುವುದು ಹಕಾರದ ಜಂಬ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಹಾಲನ್ನು ಹಾಲು ಎಂದೂ ಹೂವನ್ನು ಹೂವು ಎಂದೂ ಅನ್ನುತ್ತೇನೆ. ಇದರಲ್ಲೇನು ಮಹಾ ಎಂದು ನೀವು ಕೇಳಬಹುದು. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾಗಿ ನನ್ನ ಹಾಗೆ ಕೊಯಮತ್ತೂರಿನ ಹತ್ತಿರದ ಈ ಸೋಮನೂರಿಗೆ ಬಂದಿದ್ದರೆ ಕೇಳುತ್ತಿರಲಿಲ್ಲ. ಇಲ್ಲಿ ನಮ್ಮ ಮನೆಯವರು ಎಷ್ಟೋ ತಲೆಮಾರಿನಿಂದ ಬಟ್ಟೆ ನೇಯ್ದುಕೊಂಡು ಬಂದವರು. ಬೀದಿಯಲ್ಲಿ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಕನ್ನಡದಲ್ಲಿ ಎಲ್ಲವೂ ಇದೆ, ಹಕಾರವೊಂದು ಇಲ್ಲ. ಮದುವೆಯಾದ ಮಾರನೆಯ ಬೆಳಿಗ್ಗೆ ನಮ್ಮತ್ತೆ, "ಗಿರಿಜಾ, ಆಲು ಉಕ್ತೈತೆ, ಓಗಿ ನೋಡಮ್ಮ" ಎಂದರು. ಆಲೂಗಡ್ಡೆ ಹೇಗಪ್ಪಾ ಉಕ್ಕುತ್ತದೆ ಎಂದು ನಾನು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಹಾಲೆಲ್ಲ ಒಲೆಯ ಪಾಲಾಗಿತ್ತು. ಅಂದಿನಿಂದ ಅವರನ್ನು ತಿದ್ದುವುದೇ ನನ್ನ ವ್ರತವಾಯಿತು. ಅವರು ಪ್ರತಿ ಸಲವೂ "ಸರಿ ತಾಯಿ" ಎನ್ನುತ್ತಿದ್ದರು, ಮರುಕ್ಷಣವೇ "ಊವಿನವಳು ಬಂದ್ಲಾ?" ಎನ್ನುತ್ತಿದ್ದರು.

ಇಂಥ ಮನೆಯಲ್ಲಿ ನನ್ನ ಮಗಳು ಯಾಳಿನಿ ಸಿನಿಮಾ ಮಾಡಲು ಹೊರಟಳು. ಕೊಯಮತ್ತೂರಿನ ಕಾಲೇಜಿನಲ್ಲಿ ಅದನ್ನೇ ಓದಿದವಳು. ನಾಲ್ಕು ಜನ ಗೆಳೆಯರು, ಬಾಡಿಗೆಯ ಒಂದು ಕ್ಯಾಮೆರಾ. ಒಂದು ಸಂಜೆ ನಮ್ಮನ್ನೆಲ್ಲ ಕೂರಿಸಿಕೊಂಡು ಕತೆ ಹೇಳಿದಳು. ಎಪ್ಪತ್ತು ನಿಮಿಷದ ಸಿನಿಮಾ, ಪೂರ್ತಿ ಸ್ಮಶಾನದಲ್ಲಿ, ಪೂರ್ತಿ ರಾತ್ರಿಯಲ್ಲಿ. ಒಬ್ಬ ಮುದುಕಿ ಗಂಡನ ಗೋರಿಯ ಪಕ್ಕ ಕೂತಿರುತ್ತಾಳೆ. ಗೋರಿಯೊಳಗಿಂದ ಬಿಳಿ ಬಟ್ಟೆ ಬರುತ್ತದೆ, ಬರುತ್ತಲೇ ಇರುತ್ತದೆ. ಮುದುಕಿ ಅದನ್ನು ಮಡಿಸುತ್ತಲೇ ಇರುತ್ತಾಳೆ. ನಡುವೆ ಮದುವೆ ಗಂಡಿನ ವೇಷದವನೊಬ್ಬ ಬಂದು ನಿಂತು ಎಳನೀರು ಕುಡಿಯುತ್ತಾನೆ. ಕುಡಿದು ಮುಗಿಸಲು ಅವನಿಗೆ ಒಂಬತ್ತು ನಿಮಿಷ ಬೇಕು. ಒಂದು ಆಡು ಕುರ್ಚಿಯ ಮೇಲೆ ನಿಂತು ಇದನ್ನೆಲ್ಲ ನೋಡುತ್ತದೆ.

"ಆಮೇಲೆ?" ಎಂದೆ.

"ಆಮೇಲೆ ಬೆಳಕಾಗುತ್ತಮ್ಮಾ."

ನನ್ನ ಗಂಡ ಅಷ್ಟು ಹೊತ್ತೂ ಶ್ರದ್ಧೆಯಿಂದ ಕೇಳಿದವರು, "ಅದ್ಸರಿ ನನ್ನ ಕಣ್ಣು, ಕತೆ ಯಾವಾಗ ಸುರುವಾಗ್ತೈತೆ?" ಎಂದರು.

"ಕತೆ ಇಲ್ಲಪ್ಪಾ. ಅನುಭವ."

"ಆ ಅನುಭವಕ್ಕೆ ಬೇಕಾದ ಬಟ್ಟೆ ಯಾರ್ದು?"

ನಮ್ಮದೇ. ನಮ್ಮ ಕರೆಂಟು ಮಗ್ಗದ ಶೆಡ್ಡಿನಲ್ಲಿ ನೇಯ್ದದ್ದು. "ಸುಡುಗಾಡಿಗೆ ಓಗಿ ಬಂದ ಬಟ್ಟೆನ ಆಮೇಲೆ ಯಾರಮ್ಮಾ ಕೊಂಡ್ಕೋತಾರೆ?" ಎಂದು ಅವರು ಒಂದು ವಾರ ಗೊಣಗಿದರು. ಕೊನೆಗೆ ತಾವೇ ಬಟ್ಟೆಯ ಸುರುಳಿಯನ್ನು ಸ್ಕೂಟರಿನ ಮೇಲೆ ಹೇರಿಕೊಂಡು ಹೋಗಿ ಇಳಿಸಿ ಬಂದರು. ಮಗಳೆಂದರೆ ಅವರದು ಬೆಣ್ಣೆಯಂಥ ಮನಸ್ಸು.

ಮುದುಕಿಯ ಪಾತ್ರ ನಮ್ಮತ್ತೆಯದು. ಇಲ್ಲಿ ಒಂದು ತೊಡಕಿತ್ತು. ನಮ್ಮವರಲ್ಲಿ ಸತ್ತವರನ್ನು ಹೂಳುತ್ತಾರೆ, ಆದರೆ ಹೆಂಗಸರು ಸ್ಮಶಾನಕ್ಕೆ ಕಾಲಿಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ ನಮ್ಮ ಮಾವ ತೀರಿಕೊಂಡಾಗಲೂ ನಾವೆಲ್ಲ ಬೀದಿಯ ತಿರುವಿನವರೆಗೆ ಹೋಗಿ, ಅತ್ತು, ಹಿಂದಿರುಗಿ ಸ್ನಾನ ಮಾಡಿದವರು. ಅಂಥದ್ದರಲ್ಲಿ ಎಪ್ಪತ್ತಮೂರು ವರ್ಷದ ಅತ್ತೆ ಒಪ್ಪುತ್ತಾರೆಯೇ? ಯಾಳಿನಿ ಕೇಳಿ ಬಾಯಿ ಮುಚ್ಚುವ ಮೊದಲೇ, "ಬರ್ತೀನಿ. ಯಾವ ಸೀರೆ ಉಡ್ಲಿ?" ಎಂದುಬಿಟ್ಟರು. ಅಬ್ಬಬ್ಬಾ, ಈ ವಯಸ್ಸಿನಲ್ಲೂ ಸಿನಿಮಾ ಎಂದರೆ ಎಷ್ಟು ಆಸೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ದೂರ ಓಡುವುದು.

ಇಡೀ ಚಿತ್ರದಲ್ಲಿ ಇರುವುದು ಒಂದೇ ಮಾತು. ಐವತ್ತೆಂಟನೆಯ ನಿಮಿಷದಲ್ಲಿ ಮುದುಕಿ ಗೋರಿಯ ಮೇಲೆ ಕೈಯಿಟ್ಟು "ಹೇಳಿ" ಎನ್ನಬೇಕು. ಒಳಗಿರುವ ಗಂಡನಿಂದ ಏನೂ ಉತ್ತರವಿಲ್ಲ. ಅದು ಕನ್ನಡದಲ್ಲೇ ಇರಬೇಕು ಎಂಬುದು ಯಾಳಿನಿಯ ಹಟ. ಹಾಗಾಗಿ ನನಗೊಂದು ಹುದ್ದೆ ಸಿಕ್ಕಿತು: ಭಾಷಾ ಸಲಹೆ. ಎರಡಕ್ಷರಕ್ಕೆ ಒಬ್ಬಳು ಸಲಹೆಗಾರ್ತಿ. ಪರದೆಯ ಮೇಲೆ ಹೆಸರು ಬರುತ್ತದೆ ಎಂದು ಗೊತ್ತಾದ ಮೇಲೆ ನಾನು ಯಾವ ಅಕ್ಷರವನ್ನೂ ಹಗುರವಾಗಿ ಕಾಣಲಿಲ್ಲ. ಆದರೆ ಯಾಳಿನಿ ಒಂದು ಮಾತನ್ನು ಖಂಡಿತವಾಗಿ ಹೇಳಿದ್ದಳು. "ಅಮ್ಮಾ, ಇದನ್ನ ಸ್ಪರ್ಧೆಗೆ ಕಳಿಸ್ತೀವಲ್ಲ, ಅಲ್ಲಿನ ತೀರ್ಪುಗಾರರಲ್ಲಿ ಬೆಂಗಳೂರಿನವರು ಒಬ್ಬರಿರ್ತಾರೆ. ಅಜ್ಜಿ ಬಾಯಲ್ಲಿ ಸರಿಯಾಗಿ ಬರ್ಲಿಲ್ಲ ಅಂದ್ರೆ ಬೇರೆ ಯಾರ ಕೈಲಾದ್ರೂ ಡಬ್ಬಿಂಗ್ ಮಾಡಿಸಿಬಿಡ್ತೀನಿ." ಎಪ್ಪತ್ತು ನಿಮಿಷ ಚಳಿಯಲ್ಲಿ ಕೂತು ಬಟ್ಟೆ ಮಡಿಸುವವರು ಅತ್ತೆ, ಮಾತು ಮಾತ್ರ ಯಾರದೋ! ಇದು ಆಗಕೂಡದು ಎಂದು ಪಣ ತೊಟ್ಟೆ.

ಒಂದು ತಿಂಗಳು ಪಾಠ ನಡೆಯಿತು. ಹಕಾರಕ್ಕೆ ಉಸಿರು ಬೇಕಲ್ಲ, ಅದಕ್ಕೆ ಬೆಂಕಿಕಡ್ಡಿ ಗೀರಿ ಅವರ ಬಾಯಿಯ ಮುಂದೆ ಹಿಡಿದು, "ಹೇಳಿ ಅಂದಾಗ ಜ್ವಾಲೆ ಅಲ್ಲಾಡಬೇಕು ಅತ್ತೆ" ಎಂದೆ. ಅವರು "ಏಳಿ" ಎಂದರು. ಜ್ವಾಲೆ ನೆಟ್ಟಗೆ ನಿಂತೇ ಇತ್ತು. ನನಗೆ ಬೇಸರವಾಗಬಾರದೆಂದು ಆಮೇಲೆ "ಫೂ" ಎಂದು ಊದಿ ಆರಿಸಿದರು. ಇನ್ನೊಂದು ಕಡ್ಡಿ. "ಏಳಿ, ಫೂ." ಎರಡು ಬೆಂಕಿಪೊಟ್ಟಣ ಖಾಲಿಯಾದವು. ಸುಸ್ತಾಗಿ ನಾನು ತಲೆಯ ಮೇಲೆ ಕೈಹೊತ್ತು ಕೂತರೆ ಅವರು ಹಹ್ಹಹ್ಹಾ ಎಂದು ನಕ್ಕರು. ಅದರಲ್ಲಿ ಎಣಿಸಿದಷ್ಟು ಹಕಾರ! "ಅದೇ ಅತ್ತೆ, ಅದೇ! ಅದನ್ನೇ ಮಾತಿಗೆ ಹಚ್ಚಿ" ಎಂದೆ. "ನಗೋದು ಬೇರೆ, ಮಾತಾಡೋದು ಬೇರೆ ಅಲ್ಲೇನಮ್ಮಾ" ಎಂದು ಅವರು ಎದ್ದು ಹೋದರು.

ಚಿತ್ರೀಕರಣದ ರಾತ್ರಿ ಬಂತು. ಯಾಳಿನಿಯ ಗೆಳೆಯರು ಥರ್ಮಕೋಲಿನಲ್ಲಿ ಸೊಗಸಾದ ಗೋರಿಯೊಂದನ್ನು ಕಟ್ಟಿದ್ದರು. ಆಡು ಕುರ್ಚಿಯ ಮೇಲೆ ನಿಲ್ಲುವ ಬದಲು ಗೋರಿಯ ಒಂದು ಮೂಲೆಯನ್ನು ತಿಂದಿತು. ಮದುವೆ ಗಂಡಿಗೆ ನಾಲ್ಕನೆಯ ಎಳನೀರಿನ ಹೊತ್ತಿಗೆ ಕ್ಯಾಮೆರಾದ ಮುಂದೆ ನಿಲ್ಲಲಾಗದೆ ಬೇಲಿಯ ಕಡೆ ಓಡುವ ಪ್ರಸಂಗ ಬಂತು. ಕೊನೆಗೆ ಅತ್ತೆಯ ಮಾತಿನ ಸರದಿ. ಅವರು ನನ್ನ ಗಂಡನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಕೇಳಿದರು. ಇವರು ಬೇವಿನ ಮರದ ಕಡೆ ಕೈತೋರಿಸಿದರು. ಅತ್ತೆ ಥರ್ಮಕೋಲಿನ ಗೋರಿಯನ್ನು ಬಿಟ್ಟು ಸೀದಾ ಆ ಕಡೆ ನಡೆದು, ಹುಲ್ಲು ಬೆಳೆದ ಒಂದು ಮಣ್ಣಿನ ದಿಬ್ಬದ ಪಕ್ಕ ಕೂತುಬಿಟ್ಟರು. ಕ್ಯಾಮೆರಾ ಹೊತ್ತುಕೊಂಡು ಎಲ್ಲರೂ ಹಿಂದೆ ಓಡಿದರು.

"ಅಪ್ಪಂದು" ಎಂದರು ನನ್ನ ಗಂಡ, ನನಗೆ ಮಾತ್ರ ಕೇಳುವ ಹಾಗೆ.

ಅತ್ತೆ ಹುಲ್ಲನ್ನು ಎರಡು ಸಲ ನೇವರಿಸಿದರು. ಆಮೇಲೆ ಮೆಲ್ಲಗೆ, "ಏಳಿ" ಎಂದರು.

ಅದೊಂದೇ ಸಲ. ಮತ್ತೆ ಹೇಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಯಾಳಿನಿ ನನ್ನತ್ತ ತಿರುಗಿ, "ಅಮ್ಮಾ, ಹ ಬಂತಾ?" ಎಂದಳು. ಇಪ್ಪತ್ತೆರಡು ವರ್ಷ ಹಾಲಿಗೂ ಹೂವಿಗೂ ಹೋರಾಡಿದ ನಾನು ಹಸಿ ಹಸಿ ಸುಳ್ಳು ಹೇಳಿದೆ. "ಬಂತು ಕಣೇ. ಚೆನ್ನಾಗಿ ಬಂತು."

ಆ ಸುಳ್ಳು ಕೊಯಮತ್ತೂರಿನ ಕಾಲೇಜೊಂದರ ಸಭಾಂಗಣದವರೆಗೆ ನನ್ನ ಬೆನ್ನು ಹತ್ತಿತು. ಅಲ್ಲಿ ಹೊಸಬರ ಚಿತ್ರಗಳ ಸ್ಪರ್ಧೆ. ಎಳನೀರಿನ ಹೊತ್ತಿಗೆ ಕಾಲು ಭಾಗ ಜನ ಎದ್ದು ಹೋಗಿದ್ದರು. ಉಳಿದವರು ಮಾತ್ರ ಉಸಿರು ಬಿಗಿಹಿಡಿದು ಕೂತಿದ್ದರು. ಐವತ್ತೆಂಟನೆಯ ನಿಮಿಷ ಬಂತು. ಕೆಳಗೆ ತಮಿಳಿನಲ್ಲಿ ನಾನೇ ಬರೆಸಿದ್ದ "ಸೊಲ್ಲುಂಗ" ಎಂಬ ಅಡಿಬರಹ, ಅಂದರೆ ಹೇಳಿ. ಮೇಲೆ ಅತ್ತೆಯ ದನಿಯಲ್ಲಿ ಸ್ಪಷ್ಟವಾಗಿ "ಏಳಿ". ಮುಂದಿನ ಸಾಲಿನಲ್ಲಿದ್ದ ಬೆಂಗಳೂರಿನ ಗಡ್ಡದ ತೀರ್ಪುಗಾರರು ಥಟ್ಟನೆ ನೆಟ್ಟಗೆ ಕೂತರು. ಸಿಕ್ಕಿಬಿದ್ದೆ ಎಂದು ನಾನು ಕುರ್ಚಿಯಲ್ಲಿ ಕೆಳಕ್ಕೆ ಜಾರಿದೆ. ಈಗ ನನ್ನ ಹೆಸರು ಬೇರೆ ಪರದೆಯ ಮೇಲೆ ಬರುತ್ತದಲ್ಲ, ದೇವರೇ!

ಸಂಜೆ ಬಹುಮಾನ ಪ್ರಕಟಿಸಲು ವೇದಿಕೆಗೆ ಬಂದವರು ಆ ಗಡ್ಡದವರೇ. "ಬರವಣಿಗೆಯಲ್ಲಿ ಹೇಳಿ, ದನಿಯಲ್ಲಿ ಏಳಿ! ಮುದುಕಿ ಸತ್ತವನನ್ನು ಮಾತಾಡು ಅನ್ನುತ್ತಿದ್ದಾಳೋ, ಎದ್ದು ಬಾ ಅನ್ನುತ್ತಿದ್ದಾಳೋ? ಒಂದು ಅಕ್ಷರ ತೆಗೆದು ಇಡೀ ಚಿತ್ರವನ್ನು ಕಟ್ಟಿದ್ದಾರೆ. ಇದು ಆ ಭಾಷಾ ಸಲಹೆಗಾರರ ಪ್ರತಿಭೆ" ಎಂದರು. ಮೊದಲ ಬಹುಮಾನ! ನನ್ನ ಗಂಡ ಹಾಕಿದ ಶಿಳ್ಳೆಗೆ ಇಡೀ ಸಭಾಂಗಣ ತಿರುಗಿ ನೋಡಿತು. ಯಾಳಿನಿ ಅಜ್ಜಿಯನ್ನೂ ನನ್ನನ್ನೂ ಕೈಹಿಡಿದು ವೇದಿಕೆಗೆ ಎಳೆದೊಯ್ದಳು. ನಾನು ಕುರ್ಚಿಯಿಂದ ಜಾರಿದ್ದನ್ನು ಮರೆತು, ಎಲ್ಲ ಮೊದಲೇ ಯೋಚಿಸಿ ಮಾಡಿದವಳ ಹಾಗೆ ಕೈಮುಗಿದೆ. ಗಡ್ಡದವರು ಮೈಕನ್ನು ಅತ್ತೆಯ ಮುಂದೆ ಹಿಡಿದು, "ಅಮ್ಮಾ, ನೀವೇ ತಿಳಿಸಿ, ನೀವು ಅಂದದ್ದು ಯಾವುದು?" ಎಂದರು.

ಅತ್ತೆ ಅವರನ್ನು ಕನಿಕರದಿಂದ ನೋಡಿದರು. "ಮೊಮ್ಮಗಳು ಬರ್ದದ್ದು ಏಳಿ. ಸೊಸೆ ಏಳ್ಕೊಟ್ಟದ್ದು ಏಳಿ. ನಾನು ಏಳಿದ್ದೂ ಏಳಿ. ಇದ್ರಾಗೆ ಏನು ಸಾಮಿ ವಿತ್ಯಾಸ?"

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಿಜವಾಗಿ ಹೇಳುತ್ತೇನೆ, ನನ್ನ ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ನಾವಿಬ್ಬರೇ ಇದ್ದಾಗ, "ಪಾಪ, ನಿಮಗೆ ಆ ಹ ಬರಲೇ ಇಲ್ಲ. ಆದರೂ ನಮ್ಮ ಅದೃಷ್ಟ ನೋಡಿ ಅತ್ತೆ" ಎಂದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. ನನ್ನನ್ನೇ ನೋಡುತ್ತ, ಮೈಸೂರಿನ ಯಾವ ಮೇಷ್ಟ್ರೂ ತಪ್ಪು ಹುಡುಕಲಾಗದ ಹಾಗೆ, "ಹೇಳಿ. ಹೇಳಿ. ಹೇಳಿ. ಬಂತಾ?" ಎಂದರು.

ಬಿಡಿಸಿದ ಕಾಳನ್ನು ನಾನು ಸಿಪ್ಪೆಯ ರಾಶಿಗೆ ಹಾಕಿದೆ.

"ಅಲ್ಲಮ್ಮಾ ಗಿರಿಜಾ, ಅವರು ಬದುಕಿದ್ದಾಗ್ಲೇ ಬಾಯ್ ಬಿಟ್ಟು ಏನೂ ಏಳ್ದೋರಲ್ಲ. ಈಗ ಏಳಿ ಅಂದ್ರೆ ಏಳ್ತಾರಾ? ಆದ್ರೆ ಕರೆಂಟು ಬಂತು, ಏಳಿ ಅಂತ ನಾನು ಒಂದು ಸಲ ಅಂದ್ರೆ ಸಾಕು, ಎಂಥ ನಿದ್ದೆ ಇದ್ರೂ ಎದ್ದು ಮಗ್ಗದ ತಾವ ಓಗೋರು. ಅಷ್ಟು ದೂರ ಓಗಿ, ಅವರು ಕೇಳೋ ಮಾತನ್ನೇ ಅಂದೆ." ಮತ್ತೆ ಕಾಯಿ ಬಿಡಿಸತೊಡಗಿದರು.

ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋಗಿ ಮೈಸೂರಿನ ನನ್ನ ಅಕ್ಕನಿಗೆ ಫೋನ್ ಮಾಡಿದೆ. ನಮ್ಮತ್ತೆ ಎಂಥವರು ಎಂಬುದನ್ನು ಯಾರಿಗಾದರೂ ತಿಳಿಸಲೇಬೇಕಿತ್ತು. "ಅಕ್ಕಾ, ಒಂದು ವಿಷಯ ಏಳ್ತೀನಿ ಕೇಳೇ" ಎಂದೆ.

"ಏಳೋದೆಲ್ಲ ಆಮೇಲೆ, ಮೊದಲು ಕೂತ್ಕೊಂಡು ಹೇಳು" ಎಂದಳು ಅವಳು.