ನಾಳಿನ ಗಾಳಿಗೆ ಇವತ್ತೇ ಸಹಿ

ಗಾಳಿಯನ್ನು ನಂಬಿ ಹೊಟ್ಟೆ ಹೊರೆಯುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ಎಂಬತ್ತರ ದಶಕದಲ್ಲಿ ದೇವದುರ್ಗದ ಹೊರಗೊಂದು ಗುಡ್ಡದ ಮೇಲೆ ಪ್ರಯೋಗಕ್ಕೆಂದು ಕರೆಂಟು ಮಾಡುವ ಗಾಳಿಯಂತ್ರ ನಿಲ್ಲಿಸಿದ್ದರು. ಗಾಳಿ ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೇ ಡೀಸೆಲ್ ಎಂಜಿನ್, ಅದನ್ನು ನಡೆಸಲು ಒಬ್ಬ ಚಾಚಾ. ಯಾವ ಹೊತ್ತು ಗಾಳಿ, ಯಾವ ಹೊತ್ತು ಡೀಸೆಲ್ ಎಂದು ಹಿಂದಿನ ದಿನವೇ ಗೊತ್ತುಮಾಡುವುದು ನನ್ನ ಕೆಲಸ. ದೇಶ ದೇಶ ಸುತ್ತಿ ಎಲ್ಲೂ ನಿಲ್ಲದವಳಿಗೆ ತಕ್ಕ ನೌಕರಿ.

೧. ರವಿವಾರದ ಗಾಳಿ

ನನ್ನ ಪಟ್ಟಿಗೆ ರಾಯಚೂರಿನ ಸಾಹೇಬರ ಸಹಿ ಬೇಕು. ಒಮ್ಮೆ ಅವರು ಬೆರಳಿಟ್ಟು ಕೇಳಿದರು, "ರವಿವಾರ ಮುಂಜಾನಿ ಗಾಳಿ ಅಂತ ಬರದೀರಲ್ಲ?"

"ಹೌದ್ರಿ, ಬರೋ ಹಂಗ ಕಾಣ್ತದ."

"ರವಿವಾರ ಸೂಟಿ ಅದ. ಓವರ್‌ಟೈಮ್ ಕೊಡೋರು ಯಾರು?"

ಗಾಳಿಯನ್ನು ಸೋಮವಾರಕ್ಕೆ ತಳ್ಳಿ ಸಹಿ ಹಾಕಿದರು.

೨. ಮಾನ್ವಿಯ ಉಪಾಯ

ಮಾನ್ವಿಯಲ್ಲಿ ನಾನು ಇಳಿದುಕೊಳ್ಳುತ್ತಿದ್ದ ಮನೆಯಾಕೆಯ ಗಂಡ ಲಾರಿ ಡ್ರೈವರ್. ನನ್ನ ಗಾಳಿಯ ಗೋಳು ಕೇಳಿ ಆಕೆ ನಕ್ಕಳು. "ನಮ್ಮನಿಯವ್ರೂ ಹಂಗ ಅಕ್ಕಾ. ಕಾದು ಕುಂತ್ರ ಬರಂಗಿಲ್ಲ. ಉಂಡು ಕೈ ತೊಳಕೊಂಡ್ರ ಬಾಗಿಲಾಗ ನಿಂತಿರ್ತಾರ."

"ಹಂಗಾದ್ರ ಏನ್ ಮಾಡ್ತಿ?"

"ನೆನಪಾದಾಗೆಲ್ಲ ಕೈ ತೊಳಕೊಂತೀನಿ."

ಬಹಳ ದಿನ ನಾನೂ ಆಕಾಶ ನೋಡುತ್ತ ಸುಮ್ಮನೆ ಕೈ ತೊಳೆದಿದ್ದುಂಟು.

೩. ಸಾಹೇಬರ ಕೈಗುಣ

ಡೀಸೆಲ್ ದಂಡದ ಖರ್ಚು, ನಿಲ್ಲಿಸಿಬಿಡೋಣ ಎಂದರು ಸಾಹೇಬರು. ನಿಂತರೆ ಗಾಳಿಯಿಲ್ಲದ ದಿನ ಗುಡ್ಡದ ಕೆಳಗಿನ ಹಳ್ಳಿಗೆ ಕುಡಿಯುವ ನೀರಿನ ಪಂಪು ಓಡುವುದಿಲ್ಲ. ಕಣ್ಣಾರೆ ನೋಡಲು ಅವರೇ ಬಂದರು. ದಿನಾ ಗಾಳಿ ಬೇಡುತ್ತಿದ್ದ ನಾನೂ ಚಾಚಾನೂ ಅಂದು ಮಾತ್ರ ಬರಬೇಡಪ್ಪಾ ಎಂದು ಬೇಡಿದೆವು. ಬರಲಿಲ್ಲ. ಬಿಸಿಲಿನಲ್ಲಿ ರೆಕ್ಕೆಗಳು ತೂಕಡಿಸುತ್ತಿದ್ದವು, ಗುಡ್ಡವೇ ನಿದ್ದೆಹೋದಂತಿತ್ತು.

"ಡೀಸೆಲ್ ಬೇಕ ಬೇಕು ಬಿಡ್ರಿ," ಎಂದರು ಸಾಹೇಬರು. ಚಾಚಾ ಬೀಡಿ ಹಚ್ಚಿದ.

ಅಷ್ಟರಲ್ಲಿ, ಕೆಳಗಿನ ಕಣದಲ್ಲಿ ಜೋಳ ತೂರಲು ಗಾಳಿ ಕಾಯುತ್ತ ಕೂತಿದ್ದ ಹೆಂಗಸರು ಜೀಪು ಕಂಡು ಮೇಲೆ ಬಂದರು. "ಗಾಳಿ ಸಾಹೇಬ್ರು ಇವರ ಏನ್ರಿ? ಯಪ್ಪಾ, ಒಂದೀಟು ಗಾಳಿ ಬಿಡಿಸ್ರಿ."

ಸಾಹೇಬರು ಚೇಷ್ಟೆಗೆ ಕೈಯೆತ್ತಿದರು. "ಆತು, ಬಿಡಸ್ತೀನಿ. ಹೋಗ್ರಿ."

ಹೆಂಗಸರು ಕಣ ಮುಟ್ಟುವ ಮೊದಲೇ ಎಲ್ಲಿಂದಲೋ ಕನಸಿನಂತೆ ಗಾಳಿ ಎದ್ದಿತು. ರೆಕ್ಕೆ ತಿರುಗಿದವು. ಕಣದ ಮೇಲೆ ಹೊಟ್ಟು ಬಂಗಾರದ ಮಂಜಾಗಿ ತೇಲಿತು. ಚಾಚಾ ತಲೆಮೇಲೆ ಕೈಹೊತ್ತು ಕೂತ.

ಸಾಹೇಬರು ತಮ್ಮ ಅಂಗೈಯನ್ನೇ ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಜೀಪು ಹತ್ತಿ ಮೆಲ್ಲಗೆ ಹೇಳಿದರು:

"ಡೀಸೆಲ್ ಬ್ಯಾಡ ತಗೀರಿ, ಮೇಡಂ. ಗಾಳಿ ನಿಂತ್ರ ನನಗೊಂದು ಫೋನ್ ಮಾಡ್ರಿ."