ನಾಲ್ಕು ಹೆಜ್ಜೆಯಲ್ಲಿ ಹದಿಮೂರು

ನನಗೊಂದು ಕೆಟ್ಟ ಚಟವಿದೆ: ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗಿಂತ ಗಟ್ಟಿಯಾಗಿ ಹೇಳುವುದು. ಬೀದರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಅದು ಇಷ್ಟು ದಿನ ಅನ್ನ ಹಾಕಿದೆ. ಆದರೆ ಈ ಸಲ ಪ್ರಾಂಶುಪಾಲರೇ ನನ್ನ ಪಾಠ ಕೇಳಲು ಬರುವವರಿದ್ದರು. ಚೆನ್ನಾಗಿ ನಡೆದರೆ ಹೊಸ ಲ್ಯಾಬ್ ನನ್ನ ಕೈಗೆ, ಇಲ್ಲವಾದರೆ ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯ ಕೈಗೆ.

ನಾನು ಆರಿಸಿಕೊಂಡ ಲೆಕ್ಕ ಸಣ್ಣದು. ನಾಲ್ಕರಿಂದ ಹದಿಮೂರಕ್ಕೆ ಹೋಗಬೇಕು. ಪ್ರತಿ ಹೆಜ್ಜೆಗೂ ಸಂಖ್ಯೆಯನ್ನು ದುಪ್ಪಟ್ಟು ಮಾಡಬಹುದು, ಇಲ್ಲವೇ ಒಂದು ಕಳೆಯಬಹುದು. ಅತಿ ಕಡಿಮೆ ಹೆಜ್ಜೆ ಎಷ್ಟು? ನನ್ನ ಪ್ರೋಗ್ರಾಂ ಎಂಟು, ಹದಿನಾರು, ಮೂವತ್ತೆರಡು ಎಂದು ಓಡಿತೇ ಹೊರತು ತಿರುಗಿ ನೋಡಲಿಲ್ಲ. ಭಾನುವಾರ ಬೆಳಿಗ್ಗೆಯೆಲ್ಲ ಅದನ್ನು ಬೈದೆ. ಕಂಪ್ಯೂಟರ್ ಬಿಸಿಯಾಯಿತು, ನಾನೂ.

ಔರಾದ ತಾಲ್ಲೂಕಿನ ಚಿಂತಾಕಿಯಿಂದ ಬಂದಿದ್ದ ನಮ್ಮ ಅತ್ತೆ ಶೇಂಗಾ ಸುಲಿಯುತ್ತ ಕೂತಿದ್ದರು. ಕುರಿ ಸಾಕುವ ಮನೆಯವರು. ಏನು ಕಳೆದುಕೊಂಡಿರಿ ಎಂದು ಕೇಳಿದರು. ಹದಿಮೂರು ಸಿಗುತ್ತಿಲ್ಲ ಎಂದು, ಅವರಿಗೇನು ತಿಳಿದೀತು ಎಂಬ ಗತ್ತಿನಲ್ಲೇ ಎಲ್ಲ ವಿವರಿಸಿದೆ.

“ಮರಿ ತಪ್ಪಿಸಿಕೊಂಡ್ರ ನಾವು ಒಂದೇ ದಾರಿ ಹಿಡದು ಭಾಲ್ಕಿ ತನಕ ಓಡಂಗಿಲ್ರಿ,” ಎಂದರು ಅವರು. “ಮೊದಲ ಹಟ್ಟಿಗಿ ಹತ್ತಿದ ಹೊಲ ಎಲ್ಲಾ ನೋಡ್ತೇವಿ. ಆಮ್ಯಾಲ ಅದರಾಚಿ ಹೊಲ. ನೋಡಿದ ಹೊಲದ ಬದುವಿಗಿ ಒಂದು ಕಲ್ಲು ಇಡ್ತೇವ್ರಿ, ಮತ್ತ ಅದರಾಗ ಹೊಗಬಾರದಂತ.”

ಬ್ರೆಡ್ತ್ ಫಸ್ಟ್ ಸರ್ಚ್ ಎಂದು ಹತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದದ್ದು ಇದನ್ನೇ! ಒಂದು ಹೆಜ್ಜೆಗೆ ಸಿಗುವ ಸಂಖ್ಯೆಗಳೆಲ್ಲ ಮೊದಲು, ಆಮೇಲೆ ಎರಡು ಹೆಜ್ಜೆಯವು, ನೋಡಿದ್ದಕ್ಕೆಲ್ಲ ಗುರುತು. ಹಾಗೆ ತಿದ್ದಿದ ಕೂಡಲೇ ಉತ್ತರ ಬಂತು: ಎಂಟು, ಏಳು, ಹದಿನಾಲ್ಕು, ಹದಿಮೂರು. ನಾಲ್ಕೇ ಹೆಜ್ಜೆ.

ಸೋಮವಾರ ಮರಿ, ಹೊಲ, ಕಲ್ಲು ಎಲ್ಲ ಸೇರಿಸಿ ಪಾಠ ಮಾಡಿದೆ. ತರಗತಿ ಚಪ್ಪಾಳೆ ತಟ್ಟಿತು. ಇದನ್ನು ಎಲ್ಲಿ ಕಲಿತಿರಿ ಎಂದು ಪ್ರಾಂಶುಪಾಲರು ಕೇಳಿದರು. ಹಾಳಾದ ನಾಲಿಗೆ, ಬೆಂಗಳೂರಿನ ತರಬೇತಿಯಲ್ಲಿ ಎಂದುಬಿಟ್ಟಿತು. ಲ್ಯಾಬಿನ ಕೀಲಿಕೈ ಸಿಕ್ಕಿತು.

ಮನೆಗೆ ಬಂದರೆ ಅತ್ತೆ, ನನ್ನ ಹೆಸರು ಹೇಳಿದಿರಾ ಎಂದು ಆಸೆಯಿಂದ ಕೇಳಿದರು. ಹೌದೆಂದು ತಲೆಯಾಡಿಸಿದೆ. ಹಾಗಾದರೆ ನಾಳೆ ತಾವೇ ಬಂದು ನಮ್ಮ ಸಾಹೇಬರಿಗೆ ಶರಣು ಮಾಡುವುದಾಗಿ ಹೇಳಿ ಇಳಕಲ್ ಸೀರೆ ತೆಗೆದಿಟ್ಟರು.

ಮರುದಿನ ಅವರಿಗಿಂತ ಮೊದಲೇ ಓಡಿ, ಕೀಲಿಕೈ ಮೇಜಿನ ಮೇಲಿಟ್ಟು, ಪ್ರಾಂಶುಪಾಲರಿಗೆ ನಿಜ ಒಪ್ಪಿಕೊಂಡೆ. ಅವರು ಕನ್ನಡಕ ಒರೆಸಿಕೊಂಡು ನಕ್ಕರು.

“ನಿನ್ನೇನೇ ಗೊತ್ತಾತ್ರಿ. ನಮ್ಮವ್ವನೂ ಕುರಿ ಕಾದಾಕಿನ. ಬೆಂಗಳೂರಾಗ ಬದುವಿಗಿ ಕಲ್ಲು ಯಾರು ಇಡ್ತಾರ್ರಿ? ಕೀಲಿ ತಗೋರಿ. ನಿಮ್ಮತ್ತಿಯವರು ಬಂದ್ರ ನನ್ನ ಕುರ್ಚಿ ಬಿಟ್ಟುಕೊಡ್ತೇನಿ. ನೀವು ಮಾತ್ರ ಹಿಂದಿನ ಬೆಂಚಿನ್ಯಾಗ ಕುಂದರ್ರಿ.”